ಅಗ್ನಿಶಾಮಕ ಕೆಲಸಕ್ಕೆ ಅರ್ಜಿ ಹಾಕುವ ಮಕ್ಕಳನ್ನು ತಡೆಯಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಎರಡನೆಯ ತಲೆಮಾರಿನವರು ಯಾವ ಯಾವ ಉದ್ಯೋಗಗಳಲ್ಲಿದ್ದಾರೆ ಎಂಬ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಓದಿದೆ. ಸಾಫ್ಟ್‌ವೇರ್, ವೈದ್ಯಕೀಯ, ವಕೀಲಿ, ಸಂಶೋಧನೆ ಎಲ್ಲದರ ಪ್ರಸ್ತಾಪವೂ ಅದರಲ್ಲಿತ್ತು. ನನ್ನ ಮಗಳು ಮಾಡುತ್ತಿರುವ ಕೆಲಸದ ಮಾತು ಮಾತ್ರ ಇರಲಿಲ್ಲ. ಆಕೆ ಉತ್ತರ ವರ್ಜೀನಿಯಾದ ಒಂದು ಕೌಂಟಿಯ ಅಗ್ನಿಶಾಮಕ ಮತ್ತು ರಕ್ಷಣಾ ಇಲಾಖೆಯಲ್ಲಿ ಫೈರ್‌ಫೈಟರ್. ಈ ಕೆಲಸವನ್ನು ಓದು ಹತ್ತದವರ ಪಾಲಿಗೆ ಬಿಟ್ಟ ಕೆಲಸವೆಂದು ನಮ್ಮವರಲ್ಲಿ ಅನೇಕರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದು ಆಕೆಯನ್ನು ಎರಡು ವರ್ಷ ತಡೆದಿದ್ದೆ. ಆ ಎರಡು ವರ್ಷಗಳ ಬಗ್ಗೆ ನನಗೆ ಇಂದಿಗೂ ನೋವಿದೆ, ಆದ್ದರಿಂದಲೇ ಈ ಪತ್ರ.

ಆಕೆಗೆ ಈ ಆಸೆ ಹುಟ್ಟಿದ್ದು ನಮ್ಮ ಮನೆಯ ನಡುಮನೆಯಲ್ಲೇ. ಆರು ತಿಂಗಳ ಮಟ್ಟಿಗೆ ಹಾಸನದಿಂದ ನಮ್ಮಲ್ಲಿಗೆ ಬಂದಿದ್ದ ಅತ್ತೆಯವರು ಒಂದು ಬೆಳಿಗ್ಗೆ ಕಾಫಿ ಲೋಟವನ್ನು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಕುಸಿದು ಕುಳಿತರು. ನಾನೂ ನನ್ನ ಯಜಮಾನರೂ ಕಚೇರಿಯಲ್ಲಿದ್ದೆವು. ಹದಿನಾರು ವರ್ಷದ ಮಗಳೊಬ್ಬಳೇ ಮನೆಯಲ್ಲಿದ್ದವಳು ತುರ್ತು ನೆರವಿನ ಸಂಖ್ಯೆ 911ಕ್ಕೆ ಕರೆ ಮಾಡಿದಳು. ಆಂಬುಲೆನ್ಸಿಗಿಂತ ಮೊದಲು ಬಂದದ್ದು ಫೈರ್ ಎಂಜಿನ್. ನೋವು ಒಂದರಿಂದ ಹತ್ತರೊಳಗೆ ಎಷ್ಟಿದೆ ಎಂದು ಅದರಲ್ಲಿ ಬಂದವರು ಮೊಣಕಾಲೂರಿ ಕೇಳುತ್ತಿದ್ದರೆ, ಅತ್ತೆಯವರು "ನೋವಲ್ಲ ಕಣಪ್ಪ, ಎದೆ ಹಿಡ್ಕೊಂಡಂಗಾಗ್ತಿದೆ, ಎಡಗೈ ಜೋಮು ಹಿಡೀತಿದೆ" ಎನ್ನುತ್ತಿದ್ದರಂತೆ. ನೋವಲ್ಲ ಎಂಬ ಮಾತಿನಿಂದ ತಪ್ಪು ತಿಳಿಯಬಾರದೆಂದು ಮಗಳು ಪ್ರತಿಯೊಂದು ಪದವನ್ನೂ ಬಿಡಿಸಿ ಹೇಳಿದಳು. ದೂರವಾಣಿಯಲ್ಲಿ ದುಭಾಷಿಗಳ ನೆರವು ಪಡೆಯುವ ಏರ್ಪಾಡು ಇಲ್ಲಿದೆ ನಿಜ, ಆದರೆ ಅಂಥ ನಿಮಿಷಗಳಲ್ಲಿ ಎದುರಿಗೆ ಕುಳಿತವರಿಗೇ ಮಾತು ತಿಳಿಯುವುದಕ್ಕೆ ಸಮನಾದದ್ದು ಯಾವುದೂ ಇಲ್ಲ.

ಬೆಂಕಿ ಆರಿಸುವ ಇಲಾಖೆಯವರು ಎದೆನೋವಿಗೆ ಬರುವುದೇಕೆ ಎಂದು ಓದುಗರು ಕೇಳಬಹುದು. ಅಮೆರಿಕದ ಅಗ್ನಿಶಾಮಕ ಇಲಾಖೆಗಳಿಗೆ ಬರುವ ಕರೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯಕೀಯ ನೆರವಿನವೇ ಆಗಿವೆ. ಹಾಗಾಗಿ ಇಲ್ಲಿಯ ಕೌಂಟಿಗಳಲ್ಲಿ ಫೈರ್‌ಫೈಟರ್ ಆದವರು ಇಎಂಟಿ ಎಂಬ ತುರ್ತು ಚಿಕಿತ್ಸೆಯ ಅರ್ಹತೆಯನ್ನೂ ಪಡೆಯಬೇಕಾಗುತ್ತದೆ. ಕೆಲವು ಕೌಂಟಿಗಳು ಅದನ್ನು ಮೊದಲೇ ಕೇಳುತ್ತವೆ, ಕೆಲವು ಸೇರಿಸಿಕೊಂಡ ಮೇಲೆ ತಾವೇ ಕಲಿಸುತ್ತವೆ.

ಕೌಂಟಿ ಎಂಬುದು ನಮ್ಮ ಜಿಲ್ಲೆಯನ್ನು ಹೋಲುವ ಘಟಕವಾದರೂ ಅದಕ್ಕೆ ತನ್ನದೇ ಚುನಾಯಿತ ಮಂಡಳಿಯೂ ತನ್ನದೇ ತೆರಿಗೆಯೂ ಇರುತ್ತವೆ. ಕರ್ನಾಟಕದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಇಡೀ ರಾಜ್ಯಕ್ಕೆ ಒಂದೇ. ವರ್ಜೀನಿಯಾದ 95 ಕೌಂಟಿಗಳಿಗೆ ಅಂಥ ಒಂದೇ ನೇಮಕಾತಿ ಇಲ್ಲ, ಕಾಯಂ ಸಿಬ್ಬಂದಿಯುಳ್ಳ ಕೌಂಟಿಗಳು ತಾವೇ ಅರ್ಜಿ ಕರೆದು ತಾವೇ ಆರಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಕೇಳುವ ಕನಿಷ್ಠ ಅರ್ಹತೆ 18 ವರ್ಷ ವಯಸ್ಸು ಮತ್ತು ಹೈಸ್ಕೂಲ್, ಅಂದರೆ ಇಲ್ಲಿಯ ಹನ್ನೆರಡನೆಯ ತರಗತಿ, ಮುಗಿಸಿರುವುದು. ಈ ಒಂದು ಸಾಲನ್ನು ಓದಿಯೇ ನಮ್ಮವರು ಕೆಲಸವನ್ನು ಹಗುರಾಗಿ ಅಳೆಯುತ್ತಾರೆ. ಅದರ ಮುಂದೆ ಏನಿದೆ ಎಂಬುದನ್ನು ನೋಡುವುದಿಲ್ಲ.

ಮುಂದಿರುವುದರಲ್ಲಿ ನಾನು ಹತ್ತಿರದಿಂದ ಕಂಡದ್ದು ಸಿಪ್ಯಾಟ್ ಎಂಬ ದೈಹಿಕ ಪರೀಕ್ಷೆಗೆ ಆಕೆ ನಡೆಸಿದ ಸಿದ್ಧತೆ. ಎಂಟು ಘಟ್ಟಗಳನ್ನು ಒಂದರ ಹಿಂದೆ ಒಂದರಂತೆ 10 ನಿಮಿಷ 20 ಸೆಕೆಂಡುಗಳಲ್ಲಿ ಮುಗಿಸಬೇಕು, ಅದೂ 50 ಪೌಂಡ್, ಅಂದರೆ ಹತ್ತಿರ ಹತ್ತಿರ 23 ಕಿಲೋ ತೂಕದ ಕವಚವನ್ನು ತೊಟ್ಟು. ಮೊದಲ ಘಟ್ಟವಾದ ಮೆಟ್ಟಿಲೇರುವಿಕೆಯಲ್ಲಿ ಹೆಗಲ ಮೇಲೆ ಇನ್ನೂ 25 ಪೌಂಡ್ ಹೇರುತ್ತಾರೆ; ಸುತ್ತುವ ಮೆಟ್ಟಿಲುಗಳ ಯಂತ್ರದ ಮೇಲೆ ನಿಮಿಷಕ್ಕೆ 60ರಂತೆ ಮೂರು ನಿಮಿಷ ಹತ್ತಬೇಕು. ಆಮೇಲೆ ಹೋಸ್ ಪೈಪ್ ಎಳೆಯುವುದು, ಯಂತ್ರೋಪಕರಣ ಹೊರುವುದು, ಏಣಿ ಎತ್ತುವುದು, ಸುತ್ತಿಗೆಯಿಂದ ಬಾಗಿಲು ಒಡೆಯುವುದನ್ನು ಹೋಲುವ ಕೆಲಸ, ಕತ್ತಲೆಯ ಸುರಂಗದಲ್ಲಿ ತೆವಳುವುದು, 165 ಪೌಂಡಿನ ಗೊಂಬೆಯನ್ನು ಎಳೆದು ತರುವುದು. ಕಡೆಯದಾಗಿ ಉದ್ದನೆಯ ಕೊಕ್ಕೆಗೋಲಿನಿಂದ ಚಾವಣಿಯನ್ನು ಮೂರು ಬಾರಿ ಮೇಲಕ್ಕೆ ನೂಕಿ ಐದು ಬಾರಿ ಕೆಳಕ್ಕೆ ಜಗ್ಗುವುದನ್ನು ನಾಲ್ಕು ಸಲ ಮಾಡಬೇಕು. ಮಗಳು 20 ಪೌಂಡಿನ ಎರಡು ಸೋನಾ ಮಸೂರಿ ಅಕ್ಕಿ ಚೀಲಗಳನ್ನು ಬೆನ್ನುಚೀಲಕ್ಕೆ ತುಂಬಿಕೊಂಡು ಮನೆಯ ಮೆಟ್ಟಿಲನ್ನು ದಿನವೂ ಮುಂಜಾನೆ ಹತ್ತಿ ಇಳಿಯುತ್ತಿದ್ದಳು. ಮೊದಲ ಸಲ ಆ ಕಡೆಯ ಘಟ್ಟದಲ್ಲಿ, ಇನ್ನೊಂದೇ ಸುತ್ತು ಬಾಕಿ ಇರುವಾಗ ಸಮಯ ಮುಗಿಯಿತು. ಅಂಗೈ ತುಂಬ ಬೊಬ್ಬೆಗಳೊಂದಿಗೆ ಮನೆಗೆ ಬಂದಳು. ಎರಡನೆಯ ಸಲ ತೇರ್ಗಡೆಯಾದಳು. ಹೆಣ್ಣೆಂದು ಇಲ್ಲಿ ತೂಕವನ್ನೂ ಇಳಿಸುವುದಿಲ್ಲ, ಸಮಯವನ್ನೂ ಹೆಚ್ಚಿಸುವುದಿಲ್ಲ. ಅಮೆರಿಕದ ಮೊದಲ ವೇತನ ಪಡೆಯುವ ಮಹಿಳಾ ಫೈರ್‌ಫೈಟರ್ ಎಂದು ಗುರುತಿಸಲಾಗುವ ಜೂಡಿತ್ ಲಿವರ್ಸ್ 1974ರಲ್ಲಿ ಸೇರಿದ್ದು ನಮಗೆ ಹತ್ತಿರದ ಆರ್ಲಿಂಗ್ಟನ್ ಕೌಂಟಿಯಲ್ಲಿ ಎಂಬುದನ್ನು ಮಗಳೇ ನನಗೆ ತಿಳಿಸಿದಳು.

ದೇಹದ ಪರೀಕ್ಷೆಗಿಂತಲೂ ನಮ್ಮ ಕುಟುಂಬಕ್ಕೆ ಕಷ್ಟವೆನಿಸಿದ್ದು ಪೂರ್ವಾಪರ ವಿಚಾರಣೆ. ಇದ್ದ ಮನೆಗಳು, ಮಾಡಿದ ಬಿಡಿ ಕೆಲಸಗಳು, ಕಟ್ಟಿದ ಸಂಚಾರಿ ದಂಡ ಎಲ್ಲವನ್ನೂ ಬರೆದುಕೊಡಬೇಕು. ಆಕೆ ಅರ್ಜಿ ಹಾಕಿದ ಕೌಂಟಿಯಲ್ಲಿ ಸುಳ್ಳುಪತ್ತೆ ಯಂತ್ರದ ಪರೀಕ್ಷೆಯೂ ಇತ್ತು. ವಿಚಾರಣಾಧಿಕಾರಿ ನೆರೆಯವರಿಗೆ ಕರೆ ಮಾಡಿದಾಗ, ಎದುರುಮನೆಯ ಕನ್ನಡದ ಅಕ್ಕ ಗಾಬರಿಯಿಂದ ಬಂದು "ಮಗಳಿಗೆ ಏನಾದ್ರೂ ತೊಂದ್ರೆ ಆಗಿದೆಯಾ?" ಎಂದು ಕೇಳಿದರು. ಸಣ್ಣದೊಂದು ದಂಡದ ವಿಷಯವನ್ನು ಬರೆಯದೆ ಬಿಡು ಎಂದು ನಾನೇ ಮಗಳಿಗೆ ಹೇಳಿದ್ದುಂಟು. ಆಕೆ ಒಪ್ಪಲಿಲ್ಲ, ಒಪ್ಪದಿದ್ದುದೇ ಒಳ್ಳೆಯದಾಯಿತು. ಚಿಕ್ಕ ತಪ್ಪನ್ನು ಮನ್ನಿಸಿಯಾರು, ಮುಚ್ಚಿಟ್ಟದ್ದು ಬಯಲಾದರೆ ಅರ್ಜಿ ಅಲ್ಲಿಗೇ ಮುಗಿದಂತೆ. ಅಪರಿಚಿತರ ಮಲಗುವ ಕೋಣೆಯವರೆಗೂ ಹೋಗಬೇಕಾದವರನ್ನು ಹೀಗೆ ಜಾಲಿಸದೆ ಸೇರಿಸಿಕೊಳ್ಳಲಾದೀತೇ? ಸಂದರ್ಶನ, ಮನೋವೈದ್ಯಕೀಯ ಮತ್ತು ದೇಹಾರೋಗ್ಯದ ತಪಾಸಣೆಗಳೆಲ್ಲ ಸೇರಿ ನೇಮಕದ ಪತ್ರ ಬರುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಆಮೇಲೆ ಅಕಾಡೆಮಿಯಲ್ಲಿ ಸುಮಾರು ಆರು ತಿಂಗಳ ತರಬೇತಿ. ಅದಕ್ಕೆ ಶುಲ್ಕವಿಲ್ಲ, ಮೊದಲ ದಿನದಿಂದಲೇ ಸಂಬಳ.

ಅಪಾಯದ ಮಾತನ್ನು ಮರೆಮಾಚಿ ಬರೆಯುವುದು ಸರಿಯಲ್ಲ. ಆಕೆಯ ಅರ್ಜಿ ಇನ್ನೂ ನಡೆಯುತ್ತಿದ್ದಾಗಲೇ, 2024ರ ಫೆಬ್ರವರಿ 16ರ ರಾತ್ರಿ, ನಮ್ಮ ಲೌಡನ್ ಕೌಂಟಿಯ ಸ್ಟರ್ಲಿಂಗ್‌ನಲ್ಲಿ ಅನಿಲ ಸೋರಿಕೆಯ ಕರೆಗೆ ಓಗೊಟ್ಟು ಹೋದವರು ಒಳಗಿರುವಾಗಲೇ ಮನೆ ಸ್ಫೋಟಿಸಿತು. ಒಬ್ಬ ಸ್ವಯಂಸೇವಕ ಫೈರ್‌ಫೈಟರ್ ಪ್ರಾಣ ಕಳೆದುಕೊಂಡರು, ಹಲವರು ಗಾಯಗೊಂಡರು. ಆ ರಾತ್ರಿ ನಾನು ಮಗಳ ಕೈ ಹಿಡಿದುಕೊಂಡು, ಅರ್ಜಿಯನ್ನು ಹಿಂದಕ್ಕೆ ತೆಗೆದುಕೋ ಎಂದು ಬೇಡಿಕೊಂಡೆ. "ಅಮ್ಮಾ, ಅಜ್ಜಿಗೆ ಹುಷಾರಿಲ್ಲದಾಗ ಬಂದವರ ಅಮ್ಮಂದಿರೂ ಹೀಗೇ ಹೇಳಿರ್ತಾರಲ್ವಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಭಯ ಇಂದಿಗೂ ಹೋಗಿಲ್ಲ. ಆಕೆಯ 24 ಗಂಟೆಗಳ ಪಾಳಿ ಮುಗಿದು ಬೆಳಿಗ್ಗೆ ಫೋನ್ ಬರುವವರೆಗೂ ನನಗೆ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಆದರೂ ತಡೆದದ್ದು ತಪ್ಪೆಂದೇ ಹೇಳುತ್ತೇನೆ.

ಏಕೆಂದರೆ ಆಶ್‌ಬರ್ನ್, ಹರ್ನ್‌ಡನ್, ಶ್ಯಾಂಟಿಲಿ ಮುಂತಾದ ಊರುಗಳಲ್ಲಿ ಕನ್ನಡ, ತೆಲುಗು, ತಮಿಳು ಮಾತ್ರ ಬಲ್ಲ ಹಿರಿಯರು ಹಗಲೆಲ್ಲ ಒಬ್ಬರೇ ಮನೆಯಲ್ಲಿರುತ್ತಾರೆ. ಅವರು ಕರೆ ಮಾಡಿದಾಗ ಬಾಗಿಲಿಗೆ ಬರುವ ಎಂಜಿನ್ನಿನಲ್ಲಿ ನಮ್ಮ ಮಾತು ಬಲ್ಲ ಒಬ್ಬರಾದರೂ ಇರಬೇಕಾದರೆ, ನಮ್ಮ ಮನೆಯ ಮಕ್ಕಳೇ ಅರ್ಜಿ ಹಾಕಬೇಕು. ಬೇರೆ ಯಾರು ಹಾಕಿಯಾರು?

ಇಲ್ಲಿಯ ಕನ್ನಡ ಸಂಘಗಳಲ್ಲಿ ನನ್ನದೊಂದು ವಿನಂತಿ. ನಮ್ಮ ಸಮಾರಂಭಗಳಿಗೆ ಹತ್ತಿರದ ಠಾಣೆಯಿಂದ ಫೈರ್ ಎಂಜಿನ್ ತರಿಸಿದರೆ ಚಿಕ್ಕಮಕ್ಕಳು ಹತ್ತಿ ಕುಳಿತು ಫೋಟೊ ತೆಗೆಸಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಬರುವ ರಾಜ್ಯೋತ್ಸವಕ್ಕೆ ಎಂಜಿನ್ನಿನ ಜೊತೆಗೆ ಕೌಂಟಿಯ ನೇಮಕಾತಿ ವಿಭಾಗದವರನ್ನೂ ಕರೆಯಿರಿ, ಊಟದ ಪಂಕ್ತಿಯ ಪಕ್ಕದಲ್ಲೇ ಅವರಿಗೊಂದು ಮೇಜು ಹಾಕಿಕೊಡಿ. ಅರ್ಜಿಯ ಬಗ್ಗೆ ಕನ್ನಡದಲ್ಲೇ ಕೇಳಬಯಸುವ ತಂದೆತಾಯಿಯರಿಗೆ ಉತ್ತರಿಸಲು ನಾನೂ ಮಗಳೂ ಆ ಮೇಜಿನ ಬಳಿ ಇರುತ್ತೇವೆ.

ಇಂತಿ ವಂದನೆಗಳೊಂದಿಗೆ,
ನಿಮ್ಮ ಪತ್ರಿಕೆಯ ಓದುಗಿ,
ಆಶ್‌ಬರ್ನ್, ವರ್ಜೀನಿಯಾ