ಇನ್ನೊಂದು ಬೀಗದಕೈ ಯಾರ ಹತ್ತಿರ ಇದೆ?

ಪುಟ್ಟಿ,

ಭಾನುವಾರ ನೀನು ಊಟ ಮಾಡದೆ ಹೊರಟುಹೋದೆ. ಆಮೇಲೆ ನಮಗೂ ಊಟ ಸೇರಲಿಲ್ಲ. ಜಗಳದ ಮಾತೆಲ್ಲ ಮತ್ತೆ ಬರೆಯಲ್ಲ, ನಿನಗೂ ನೆನಪಿದೆ. ನಿನ್ನ ಪ್ಯಾಂಟ್ ಒಗೆಯೋಕೆ ಹಾಕುವಾಗ ಜೇಬಿನಲ್ಲಿ ಸಿಕ್ಕ ಲ್ಯಾಬ್ ಚೀಟಿ ಇನ್ನೂ ನನ್ನ ಕನ್ನಡಕದ ಡಬ್ಬಿಯಲ್ಲೇ ಇದೆ. ಡೆಂಗಿ. ರಕ್ತದಲ್ಲಿ ಪ್ಲೇಟ್‌ಲೆಟ್ ಬರೀ 48 ಸಾವಿರಕ್ಕೆ ಇಳಿದಿತ್ತು. ಆ ವಾರ ದಿನಾ ಫೋನಿನಲ್ಲಿ 'ಊಟ ಆಯ್ತಮ್ಮ, ಕೆಲಸ ಸ್ವಲ್ಪ ಜಾಸ್ತಿ' ಅಂದಿದ್ದೀಯ.

ಹನ್ನೊಂದನೇ ಮಹಡಿ, ಒಳಗಿಂದ ಚಿಲಕ, ಐದು ದಿನ ಒಬ್ಬಳೇ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಲ್ಲೇ ಅಪಾಯ ಜಾಸ್ತಿ. ಹುಷಾರಾಯ್ತು ಅಂದುಕೊಂಡು ಏಳುತ್ತೇವೆ, ಆಗಲೇ ತಲೆ ಸುತ್ತೋದು. ಬಚ್ಚಲಲ್ಲಿ ಬಿದ್ದಿದ್ದರೆ ಆ ಚಿಲಕ ಯಾರು ತೆಗೆಯುತ್ತಿದ್ದರು? ನಾಲ್ಕು ರಾತ್ರಿಯಿಂದ ನನಗೆ ಆ ಚಿಲಕವೇ ಕಣ್ಣ ಮುಂದೆ.

'ಯಾರ ಹಂಗೂ ಬೇಡ ಅಂತ ನೀನೇ ಅಲ್ವಾ ಕಲಿಸಿದ್ದು' ಅಂತ ಜಗಳದಲ್ಲಿ ನೀನು ಕೇಳಿದೆ. ಆವತ್ತು ನನಗೆ ಉತ್ತರ ಹೊಳೆಯಲಿಲ್ಲ. ಹೌದು, ನಾನೇ ಕಲಿಸಿದ್ದು.

ಮೈಸೂರಿನ ವಠಾರ ನಿನಗೆ ಮಸುಕು ಮಸುಕಾಗಿ ನೆನಪಿರಬಹುದು. 1999ರ ಮಳೆಗಾಲದ ಒಂದು ರಾತ್ರಿಯಂತೂ ನೆನಪಿರೋಕೆ ಸಾಧ್ಯವಿಲ್ಲ, ನಿನಗೆ ಆಗ ಎರಡು ವರ್ಷ. ಅಪ್ಪ ಹುಬ್ಬಳ್ಳಿಗೆ ಹೋಗಿದ್ದರು. ನಿನ್ನ ಎದೆಯಲ್ಲಿ ಸುಯ್ ಸುಯ್ ಅಂತ ಸದ್ದು. ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ನಿನ್ನನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದೆ. ಯಾರ ಬಾಗಿಲು ತಟ್ಟಲಿ ಅಂತ ಯೋಚಿಸುವಷ್ಟರಲ್ಲಿ ಮೂಲೆಮನೆ ಅಜ್ಜಿಯ ದೀಪ ಹತ್ತಿತು. ನಾನು ಕರೆದಿರಲಿಲ್ಲ. ಗೋಡೆಯಾಚೆಯಿಂದ ನಿನ್ನ ಕೆಮ್ಮು ಕೇಳಿಸಿಕೊಂಡು ಅವರಿಗೂ ನಿದ್ದೆ ಬಂದಿರಲಿಲ್ಲವಂತೆ. ಎದುರುಮನೆ ಹುಡುಗನನ್ನು ಎಬ್ಬಿಸಿ ಆಟೋ ತರಿಸಿದರು. ಹೊರಡುವಾಗ ಸೆರಗಿನ ಗಂಟು ಬಿಚ್ಚಿ, ಎಣಿಸದೆ ನೋಟುಗಳನ್ನು ನನ್ನ ಕೈಗೆ ತುರುಕಿದರು. ಆಸ್ಪತ್ರೆಯಲ್ಲಿ ಬಿಡಿಸಿ ನೋಡಿದೆ, ಮುನ್ನೂರ ಇಪ್ಪತ್ತು ರೂಪಾಯಿ. ಎಲೆಅಡಿಕೆ ವಾಸನೆ. ನೋಟುಗಳೆಲ್ಲ ಸಣ್ಣದಾಗಿ ಮಡಚಿ ಮೆತ್ತಗಾಗಿದ್ದವು. ಅವು ಅಜ್ಜಿಯ ಆ ತಿಂಗಳ ಪೂರ್ತಿ ದುಡ್ಡು ಅಂತ ಆಮೇಲೆ ಗೊತ್ತಾಯಿತು.

ಆ ವಠಾರ ಸ್ವರ್ಗವಾಗಿತ್ತು ಅಂತ ಹೇಳಲ್ಲ. ಆರು ಮನೆಗೆ ಒಂದೇ ನಲ್ಲಿ, ಎರಡೇ ಕಕ್ಕಸು. ನಿನ್ನ ತೊಟ್ಟಿಲ ಪಕ್ಕದ ಗೋಡೆ ವರ್ಷವಿಡೀ ಒದ್ದೆ, ಅದರ ಮೇಲೆ ಬೂಷ್ಟು. ಜೊತೆಗೆ ಸೌದೆ ಒಲೆ ಹೊಗೆ. ಮಗುವಿನ ಉಬ್ಬಸಕ್ಕೆ ಇವೇ ಮೂಲ, ಮೊದಲು ಮನೆ ಬದಲಾಯಿಸಿ ಅಂದರು ಡಾಕ್ಟರು. 2004ರಲ್ಲಿ ಸಾಲ ಮಾಡಿ ಈ ಮನೆಗೆ ಬಂದೆವು. ಗಾಳಿ, ಬಿಸಿಲು, ಒಣ ಗೋಡೆ. ಎರಡು ವರ್ಷದಲ್ಲಿ ನಿನ್ನ ಉಬ್ಬಸ ಕಮ್ಮಿಯಾಯಿತು. ಮನೆ ಬಿಟ್ಟಿದ್ದು ತಪ್ಪಲ್ಲ ಪುಟ್ಟಿ. ಮನೆಯ ಜೊತೆ ಜನರನ್ನೂ ಬಿಟ್ಟೆನಲ್ಲ, ಅದು ತಪ್ಪು. ಕಾಂಪೌಂಡ್ ಕಟ್ಟಿಸಿದೆ. ಸಕ್ಕರೆ ಮುಗಿದರೆ ಅಂಗಡಿಗೆ ಕಳಿಸಿದೆ, ಪಕ್ಕದ ಮನೆಗೆ ಕಳಿಸಲಿಲ್ಲ. ಅಜ್ಜಿಯನ್ನು ನೋಡೋಕೆ ಇವತ್ತು ಹೋಗೋಣ, ನಾಳೆ ಹೋಗೋಣ ಅಂತ ಮುಂದೂಡಿದೆ. ಅವರು ಹೋದ ಸುದ್ದಿ ತಿಥಿ ಎಲ್ಲಾ ಮುಗಿದ ಮೇಲೆ ಬಂತು. ಆ ಮುನ್ನೂರ ಇಪ್ಪತ್ತು ರೂಪಾಯಿ ಆ ದಿನಗಳಲ್ಲೇ ವಾಪಸ್ ಕೊಟ್ಟಿದ್ದೆ. ಆದರೂ ತೀರಿಲ್ಲ ಅನಿಸುತ್ತೆ.

ಪ್ರತಿವರ್ಷ ಸಂತೋಷದ ದೇಶಗಳ ಪಟ್ಟಿ ಬರುತ್ತಲ್ಲ, 2018ರಿಂದ ಹಲವು ವರ್ಷ ಫಿನ್ಲೆಂಡೇ ಮೊದಲು. ಅದಕ್ಕಾಗಿ ಜನರನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಇದು: ಕಷ್ಟ ಬಂದರೆ ಸಹಾಯಕ್ಕೆ ಬರುವ ನೆಂಟರೋ ಸ್ನೇಹಿತರೋ ನಿಮಗಿದ್ದಾರಾ? ಹೌದು ಅಥವಾ ಇಲ್ಲ ಅನ್ನಬೇಕು ಅಷ್ಟೆ. ಒಂದು ದೇಶ ಯಾಕೆ ಮುಂದೆ, ಇನ್ನೊಂದು ಯಾಕೆ ಹಿಂದೆ ಅಂತ ವಿವರಿಸೋಕೆ ಆದಾಯ, ಆರೋಗ್ಯದ ಜೊತೆ ಇದನ್ನೂ ನೋಡುತ್ತಾರೆ. ನಮ್ಮ ಮಂಡ್ಯದ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯ ನೋಡಿಕೊಳ್ಳುವ ಸರ್ಕಾರಿ ಮುಖ್ಯ ಡಾಕ್ಟರು, ಆಗಿದ್ದಾಗ, 2023ರಲ್ಲಿ ಒಂಟಿತನದ ಬಗ್ಗೆಯೇ ಒಂದು ಎಚ್ಚರಿಕೆ ವರದಿ ಹೊರಡಿಸಿದರು. ಜನರ ಒಡನಾಟ ಇಲ್ಲದಿದ್ದರೆ ಆಯಸ್ಸಿಗೆ ಆಗುವ ಕೇಡು ದಿನಕ್ಕೆ ಹದಿನೈದು ಸಿಗರೇಟು ಸೇದಿದಷ್ಟು ಆಗಬಹುದು ಅಂತ. ನೀನು ಸಿಗರೇಟು ಮುಟ್ಟಲ್ಲ, ಎಣ್ಣೆ ಅಳೆದು ಹಾಕುತ್ತೀಯ, ದಿನಾ ಹೆಜ್ಜೆ ಎಣಿಸುತ್ತೀಯ. ಆದರೆ ಎದುರು ಬಾಗಿಲಲ್ಲಿ ಯಾರಿದ್ದಾರೆ ಅಂತ ಕೇಳಿದರೆ 'ಗೊತ್ತಿಲ್ಲಮ್ಮ' ಅಂತೀಯ.

ನೋಡು, ಪಾಠ ಮಾಡಬಾರದು ಅಂತಲೇ ಕೂತಿದ್ದೆ.

ನಿನ್ನ ದುಡಿಮೆ, ನೀನೇ ಹುಡುಕಿ ಮಾಡಿಕೊಂಡ ಮನೆ, ಬೆಳಗ್ಗೆ ಬಿಸಿಲು ಬೀಳುವ ಆ ಬಾಲ್ಕನಿ, ಎಲ್ಲದರ ಬಗ್ಗೆಯೂ ನನಗೆ ಹೆಮ್ಮೆ. ನಿನ್ನ ವಯಸ್ಸಿನಲ್ಲಿ ನನಗೆ ಹತ್ತು ರೂಪಾಯಿಗೂ ಕೇಳಬೇಕಿತ್ತು. ವಾಪಸ್ ಬಾ ಅನ್ನಲ್ಲ, ಮದುವೆ ಮಾತೂ ಎತ್ತಲ್ಲ. ಇನ್ನೊಂದು ಬೀಗದಕೈ ಮಾಡಿಸಿ ಅಲ್ಲಿ ಹತ್ತಿರ ಯಾರಾದರೊಬ್ಬರ ಹತ್ತಿರ ಕೊಡು. ಒಳಗಿಂದ ಚಿಲಕ ಹಾಕಬೇಡ, ಹೊರಗಿನ ಕೀಲಿಯಿಂದಲೂ ತೆಗೆಯೋಕೆ ಆಗುವ ಬೀಗ ಹಾಕಿಸು. ಯಾರಿಗೆ ಕೊಟ್ಟೆ ಅಂತ ನನಗೆ ಹೇಳು, ಸಾಕು.

ಕೋಡುಬಳೆ ಎರಡು ಡಬ್ಬ ಕಳಿಸಿದ್ದೇನೆ. ನೀಲಿ ಮುಚ್ಚಳದ್ದು ನಿನಗೆ, ಸ್ಟೀಲಿಂದು ಎದುರು ಮನೆಯವರಿಗೆ. ಕೊಡುವಾಗ ಹೆಸರು ಕೇಳು. ಅವರು ಡಬ್ಬ ಖಾಲಿ ವಾಪಸ್ ಕೊಡಲ್ಲ, ಏನಾದರೂ ಹಾಕಿ ಕೊಡುತ್ತಾರೆ. ಬೇಡ ಅನ್ನಬೇಡ, ಇಸ್ಕೋ.

ನಿನ್ನ ಅಮ್ಮ