ಟ್ರಂಕಿನಲ್ಲಿ ಇಡಬೇಡ, ಅವ್ವಾ

ಕೋಥ್ರೂಡ್, ಪುಣೆ
ಭಾನುವಾರ ರಾತ್ರಿ

ಅವ್ವಾ,

ನಿನಗೆ, ಅಪ್ಪಾಜಿಗೆ, ಆಯಿಗೆ ನಮಸ್ಕಾರ. ಫೋನಿನಲ್ಲಿ ಇಷ್ಟೆಲ್ಲಾ ಹೇಳೋಕೆ ಆಗಲ್ಲ, ನಡುವೆ ಕುಕ್ಕರ್ ಸೀಟಿ ಹೊಡೆಯಿತು ಅಂತ ಎದ್ದು ಹೋಗುತ್ತೀಯ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮುಂದಿನ ಶನಿವಾರ ಇವರು ವಂದೇ ಭಾರತ್‌ನಲ್ಲಿ ಧಾರವಾಡಕ್ಕೆ ಬರುತ್ತಾರೆ. ಕೈಯಲ್ಲಿ ಒಂದು ನೀಲಿ ಚೀಲ ಇರುತ್ತದೆ. ಅದರಲ್ಲಿರುವುದೆಲ್ಲಾ ದೀಪಾವಳಿಯಿಂದ ಇಲ್ಲಿಯವರೆಗೆ ನಾನು ಹೆಣೆದದ್ದು. ಯಾವುದು ಯಾರಿಗೆ ಅಂತ ಚೀಟಿ ಚುಚ್ಚಿದ್ದೇನೆ, ಆದರೆ ಹೇಳಬೇಕಾದ್ದು ಚೀಟಿಯಲ್ಲಿ ಹಿಡಿಸಲಿಲ್ಲ.

ಮೊದಲು ಹೋದ ವರ್ಷದ ಮಫ್ಲರ್ ಮಾತು. ಗಣೇಶ ಚೌತಿಗೆ ಬಂದಾಗ ಚಾದರ ಹುಡುಕಲು ಟ್ರಂಕ್ ತೆಗೆದೆ. ನಿನಗೆ ಕೊಟ್ಟ ಬೂದು ಮಫ್ಲರ್ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇತ್ತು, ಮಡಿಕೆ ಕೂಡ ನಾನು ಹಾಕಿದ್ದೇ. ಪಕ್ಕದಲ್ಲಿ ಎರಡು ಡಾಂಬರ್ ಗುಳಿಗೆ. ಆಗ ಮನೆ ತುಂಬ ಜನ ಇದ್ದರು, ನಾನು ಏನೂ ಅನ್ನಲಿಲ್ಲ. ಆದರೆ ಮನಸ್ಸಿಗೆ ನೋವಾಯಿತು. ಅವ್ವಾ, ಅದರಲ್ಲಿ ಒಂದು ಸಾಲಿಗೆ 40 ಕುಣಿಕೆ, ಹತ್ತಿರ ಹತ್ತಿರ 450 ಸಾಲು. ಗುಣಿಸಿದರೆ 18,000 ಆಗುತ್ತದೆ. ಅಷ್ಟೂ ಕುಣಿಕೆ ಹಾಕುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಒಂದೇ, ಆಷಾಢದ ಆ ಗಾಳಿಯಲ್ಲಿ ಬೆಳಗಿನ ಹಾಲಿಗೆ ಹೋಗುವಾಗ ನೀನು ಸೆರಗನ್ನೇ ಕಿವಿಗೆ ಸುತ್ತಿಕೊಂಡು ಹೋಗುತ್ತೀಯಲ್ಲ, ಅದು. ಚೆನ್ನಾಗಿದೆ, ಹಾಕಿಕೊಂಡರೆ ಹಾಳಾಗುತ್ತದೆ ಅಂತ ನೀನು ಇಟ್ಟಿದ್ದೀಯ, ಗೊತ್ತು. ಆದರೆ ಉಣ್ಣೆ ಹಾಳಾಗುವುದು ಇಟ್ಟರೇ ಜಾಸ್ತಿ. ನುಸಿಗೆ ಬೇಕಾದ್ದು ಕತ್ತಲೆ, ಯಾರೂ ಮುಟ್ಟದ ಜಾಗ. ದಿನಾ ಕೊಡವಿ ಹಾಕಿಕೊಳ್ಳುವ, ಆಗಾಗ ಬಿಸಿಲು ಕಾಣುವ ಬಟ್ಟೆಗೆ ಅದು ಅಷ್ಟು ಸುಲಭಕ್ಕೆ ಬರುವುದಿಲ್ಲ.

ಈಗ ಅಕ್ಕನ ಕೂಸಿನ ಕುಲಾವಿ. ಚೀಲದಲ್ಲಿ ಎಲ್ಲಕ್ಕಿಂತ ಮೇಲೆ, ಬಿಳಿ ಅರಿವೆಯಲ್ಲಿ ಸುತ್ತಿದ್ದೇನೆ. ಕೆಂಪು ಬಣ್ಣ ನೋಡಿದ ಕೂಡಲೇ ನಿನಗೆ ಗುರುತು ಹತ್ತುತ್ತದೆ. ಮೊದಲು ಅಕ್ಕನಿಗೆ ಹಾಕಿದ ಸ್ವೆಟರ್, ಆಮೇಲೆ ಅದನ್ನೇ ಬಿಚ್ಚಿ ನನಗೆ ಮೂರನೇ ಇಯತ್ತೆಯಲ್ಲಿ ಹಾಕಿಕೊಟ್ಟೆಯಲ್ಲ, ಅದೇ ದಾರ. ಮದುವೆಯಾಗಿ ಬರುವಾಗ ನಾನು ಅದನ್ನು ಸುಮ್ನೆ ಬಟ್ಟೆಗಳ ನಡುವೆ ಹಾಕಿಕೊಂಡು ಬಂದಿದ್ದೆ. ಮೊಣಕೈ ಹರಿದಿತ್ತು, ಎದೆಯ ಭಾಗ ಮಾತ್ರ ಗಟ್ಟಿ ಇತ್ತು.

ಬಿಚ್ಚುವುದು ನೀನು ಕಲಿಸಿದ ಹಾಗೇ. ಮೊದಲು ಪಕ್ಕದ ಹೊಲಿಗೆ ಕತ್ತರಿಸಿದೆ, ಆಮೇಲೆ ಕುತ್ತಿಗೆಯಿಂದ ಶುರು ಮಾಡಿದೆ. ಕೆಳಗಿನಿಂದ ಎಳೆದರೆ ಬಿಚ್ಚುವುದಿಲ್ಲ, ಹೆಣೆದು ಮುಗಿಸಿದ ತುದಿಯಿಂದಲೇ ಬರಬೇಕು ಅಂತ ನೀನು ಹೇಳಿದ್ದು ನೆನಪಿತ್ತು. ದಾರ ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಬಂತು. ಇಷ್ಟು ವರ್ಷ ಒಂದೇ ಆಕಾರದಲ್ಲಿ ಇದ್ದದ್ದು, ಅಷ್ಟು ಬೇಗ ಬಿಡುತ್ತದಾ? ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಾಲ್ಕನಿಯಲ್ಲಿ ನೇತು ಹಾಕಿದೆ. ಕೆಳಗೆ ಭಾರಕ್ಕೆ ಒಂದು ಸಣ್ಣ ತಂಬಿಗೆ ಕಟ್ಟಿದ್ದೆ, ಮದುವೆಯಲ್ಲಿ ನೀನು ಕೊಟ್ಟ ತಾಮ್ರದ್ದು. ಮರುದಿನ ಸಂಜೆಗೆ ದಾರ ನೆಟ್ಟಗಾಗಿತ್ತು. ಕೆನ್ನೆಗೆ ತಿಕ್ಕಿ ನೋಡಿದೆ. ಹೊಸದಾಗಿದ್ದಾಗ ಚುಚ್ಚುತ್ತಿತ್ತು ಅಂತ ಅಕ್ಕ ಅಳುತ್ತಿದ್ದಳಂತೆ ಅಲ್ವಾ, ಈಗ ತೊಳೆದು ತೊಳೆದು ಎಷ್ಟು ಮೆತ್ತಗಾಗಿದೆ ಅಂದರೆ ನೀನೇ ಮುಟ್ಟಿ ನೋಡು.

ಕೂಸು ಹುಟ್ಟುವ ಮುಂಚೆ ಹೊಸದು ತರಬಾರದು ಅಂತ ಆಯಿ ಹೇಳುತ್ತಾಳಲ್ಲ, ಅದಕ್ಕೂ ಇದು ಸರಿ ಹೋಯಿತು. ದಾರ ಹಳೆಯದು, ಕುಲಾವಿ ಮಾತ್ರ ಹೊಸದು. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್ ಇರುತ್ತದೆ. ನಾನು ಸ್ವಲ್ಪ ಕಡಿಮೆ ಹಿಡಿದು 72 ಕುಣಿಕೆ ಹಾಕಿದೆ, ಹೆಣಿಗೆ ಎಳೆದರೆ ಹಿಗ್ಗುತ್ತದೆ, ದೊಡ್ಡದಾದರೆ ಕಣ್ಣಿನ ಮೇಲೆ ಇಳಿಯುತ್ತದೆ. ಲಾಡಿ ಯಾಕೆ ಇಲ್ಲ ಅಂತ ಆಯಿ ಕೇಳುತ್ತಾಳೆ. ಬೇಕೆಂದೇ ಹಾಕಿಲ್ಲ. ಲಾಡಿ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಗುಂಡಿಯೂ ಹಾಕಿಲ್ಲ, ಕಿತ್ತು ಬಾಯಿಗೆ ಹೋದೀತು. ತೂತು ತೂತಿನ ಡಿಸೈನ್ ಮಾಡಿಲ್ಲ, ಎಳೆ ಬೆರಳು ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಕೂಸು ತನ್ನ ಮೈಯ ಬಿಸಿಯನ್ನು ತಲೆಯಿಂದ ತುಂಬ ಹೊರಗೆ ಬಿಡುತ್ತದೆ, ತಲೆ ಮುಚ್ಚಿದರೆ ಮೈ ಕಾಯುತ್ತದೆ, ಅದಕ್ಕೇ ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಮಲಗಿಸುವಾಗ ಟೋಪಿ ತೆಗೆಯಿರಿ. ಹೊರಗೆ ಕರೆದುಕೊಂಡು ಹೋಗುವಾಗ ಹಾಕಿದರೆ ಸಾಕು.

ಅಪ್ಪಾಜಿಯ ಕಾಲುಚೀಲಕ್ಕೆ ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿಯಿತು. ತಮ್ಮನಿಗೆ ಹೇಳಿ ಪೇಪರಿನ ಮೇಲೆ ಅಪ್ಪಾಜಿಯ ಪಾದ ಬರೆಸಿ ಫೋಟೋ ತರಿಸಿದೆ, ಆದರೆ ಫೋಟೋದಲ್ಲಿ ಪಾದ ಎಷ್ಟು ದೊಡ್ಡದು ಅಂತ ಹೇಗೆ ಗೊತ್ತಾಗಬೇಕು? ಎರಡನೇ ಸಲ ಪಕ್ಕದಲ್ಲಿ ಸ್ಕೇಲ್ ಇಟ್ಟು ಕಳಿಸಿದ. 26 ಸೆಂಟಿಮೀಟರ್. ಕಾಲುಚೀಲ ಅದಕ್ಕಿಂತ ಹತ್ತನೇ ಒಂದು ಪಾಲು ಗಿಡ್ಡ ಇರಬೇಕು, ಆಗಲೇ ಕಾಲಿಗೆ ಅಂಟಿ ಕೂರುತ್ತದೆ, ಅದಕ್ಕೆ ಇಪ್ಪತ್ಮೂರೂವರೆಗೆ ನಿಲ್ಲಿಸಿದ್ದೇನೆ. ಅಪ್ಪಾಜಿಗೆ ಸಕ್ಕರೆ ಇದೆಯಲ್ಲ, ಅಂಗಡಿಯ ಕಾಲುಚೀಲದ ಎಲಾಸ್ಟಿಕ್ ಕಣಕಾಲಿಗೆ ಗೆರೆ ಬೀಳುವಷ್ಟು ಬಿಗಿಯಾಗುತ್ತದೆ, ಬೆರಳಿನ ಹತ್ತಿರದ ಹೊಲಿಗೆ ಒತ್ತಿ ಒತ್ತಿ ಗಾಯ ಮಾಡಿದರೆ ಅವರಿಗೆ ಗೊತ್ತೂ ಆಗುವುದಿಲ್ಲ. ಇದರಲ್ಲಿ ಎಲಾಸ್ಟಿಕ್ ಇಲ್ಲ, ಎರಡು ಸೀದಾ ಎರಡು ಉಲ್ಟಾ ಹೆಣೆದ ಪಟ್ಟಿಯಷ್ಟೇ. ಬೆರಳಿನ ತುದಿಯಲ್ಲಿ ಹೊಲಿಗೆ ಇಲ್ಲ, ಕುಣಿಕೆಗೆ ಕುಣಿಕೆ ಸೇರಿಸಿ ಮುಚ್ಚಿದ್ದೇನೆ. ತಿಳಿ ಬಣ್ಣ ಆರಿಸಿದ್ದೂ ಅದಕ್ಕೇ, ಗಾಯವಾಗಿ ಕಲೆ ಬಿದ್ದರೆ ಕಾಣಬೇಕು. ಕೊಳೆಯಾಗುತ್ತದೆ ಅಂತ ಅವರು ಗೊಣಗಿದರೆ ಇದನ್ನು ಓದಿ ಹೇಳು.

ಹಿಮ್ಮಡಿ ನನಗೆ ಬರುತ್ತಿರಲಿಲ್ಲ. ಕೆಳಗಿನ ಮನೆಯ ಮರಾಠಿ ಆಜೀ ಕಲಿಸಿದರು. ಅವರಿಗೆ ಎಂಬತ್ತರ ಹತ್ತಿರ ವಯಸ್ಸು, ಕಡ್ಡಿ ಹಿಡಿದರೆ ಕೈ ನಡುಗುವುದು ನಿಲ್ಲುತ್ತದೆ. ಅವರು ಮರಾಠಿಯಲ್ಲಿ ಹೇಳುತ್ತಾರೆ, ನಾನು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಕೇಳುತ್ತೇನೆ, ಅವರು ಕುಣಿಕೆಗೆ ಟಾಕೆ ಅನ್ನುತ್ತಾರೆ, ಸೀದಾಕ್ಕೆ ಸುಲಟ. ಐದು ಸಣ್ಣ ಕಡ್ಡಿಯಲ್ಲಿ ಸುತ್ತ ಸುತ್ತ 60 ಕುಣಿಕೆ ಹೆಣೆದುಕೊಂಡು ಬಂದು, ಹಿಮ್ಮಡಿ ಬಂದಾಗ ಅರ್ಧ ಬಿಟ್ಟು ಇನ್ನರ್ಧ 30 ಕುಣಿಕೆಯನ್ನು ಮಾತ್ರ ಹಿಂದೆ ಮುಂದೆ 30 ಸಾಲು ಹೆಣೆಯಬೇಕು. ಒಂದು ಸಣ್ಣ ನಾಲಿಗೆಯ ಹಾಗೆ ಇಳಿಯುತ್ತದೆ. ಆಮೇಲೆ ಸಾಲು ಪೂರ್ತಿ ಮಾಡದೆ ಮಧ್ಯದಲ್ಲೇ ತಿರುಗಿ ತಿರುಗಿ ಬರಬೇಕು, ಪ್ರತಿ ಸಲ ಒಂದೊಂದು ಕುಣಿಕೆ ನುಂಗುತ್ತಾ. ಸಪಾಟಾಗಿದ್ದ ಬಟ್ಟೆ ನೋಡ ನೋಡುತ್ತಾ ಬಟ್ಟಲಿನ ಹಾಗೆ ಬಾಗುತ್ತದೆ, ನಾನು ಆಜೀ ಮುಂದೆ ಜೋರಾಗಿ ಕೂಗಿಬಿಟ್ಟೆ! ಕೊನೆಗೆ 18 ಉಳಿಯುತ್ತವೆ, ನಾಲಿಗೆಯ ಎರಡು ಅಂಚಿನಿಂದ ಹದಿನೈದು ಹದಿನೈದು ಎತ್ತಿಕೊಂಡರೆ, ಬಿಟ್ಟಿದ್ದ 30 ಸೇರಿ 78 ಆಗುತ್ತದೆ, ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎರಡೆರಡು ಕಡಿಮೆ ಮಾಡುತ್ತಾ ಮತ್ತೆ 60ಕ್ಕೆ ತರಬೇಕು. ಮೂರು ಸಲ ಬಿಚ್ಚಿದೆ. ಆಜೀ ಪ್ರತಿ ಸಲ ಒಂದೇ ಮಾತು, ಘಾಈ ನಕೋ, ಅವಸರ ಬೇಡ ಅಂತ.

ಆಯಿಗೆ ಶಾಲು. ಅವಳಿಗೆ ಉಣ್ಣೆ ಅಂದರೆ ಕಂಬಳಿಯೇ ನೆನಪು, ಮೈಗೆ ಚುಚ್ಚುತ್ತದೆ ಅಂತ ಮೊದಲೇ ಹೇಳಿಬಿಟ್ಟಳು. ನಮ್ಮ ಕಡೆಯ ಕುರಿಯ ಉಣ್ಣೆ ದಪ್ಪ, ಮೇಲಾಗಿ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ, ಮಳೆಗೆ ಅದು ಒಳ್ಳೆಯದು, ಮುದಿ ಚರ್ಮಕ್ಕಲ್ಲ. ಅದಕ್ಕೆ ಹತ್ತಿ ಸೇರಿದ ಮೆತ್ತನೆಯ ಅಕ್ರಿಲಿಕ್ ದಾರ ತಂದೆ. ಬಣ್ಣ ಅವಳ ಇಳಕಲ್ ಸೀರೆಯದ್ದು, ಎರಡೂ ತುದಿಗೆ ತೋಪತೆನಿ ಸೆರಗಿನ ಹಾಗೆ ಕೆಂಪು ಬಿಳಿ ಪಟ್ಟಿ. ಥೇಟ್ ಸೆರಗಿನಂತೆ ಬಂದಿಲ್ಲ, ಆದರೆ ಹೊದ್ದು ಕೂತರೆ ಹೊಂದುತ್ತದೆ. ತೂಕ ಜಾಸ್ತಿ ಆಗಬಾರದು ಅಂತ ದಪ್ಪ ಕಡ್ಡಿಯಲ್ಲಿ ಸಡಿಲವಾಗಿ ಹೆಣೆದಿದ್ದೇನೆ.

ದಾರ ತಂದದ್ದು ರವಿವಾರ ಪೇಠೆಯ ಬೋಹರಿ ಆಳಿಯಿಂದ. ಆ ಸಂದಿಯಲ್ಲಿ ಮಣಿ, ಲೇಸು, ಗುಂಡಿ, ದಾರ ಎಲ್ಲಾ ಸಿಗುತ್ತದೆ, ನಿನ್ನನ್ನು ಒಮ್ಮೆ ಕರೆದುಕೊಂಡು ಹೋಗಲೇಬೇಕು. ನಾನು ಆಯಿಯ ಶಾಲಿಗೆ ನಾಲ್ಕು ಉಂಡೆ ತಂದು, ಸಾಲದೆ ಬಂದು, ಹದಿನೈದು ದಿನ ಬಿಟ್ಟು ಅದೇ ನಂಬರಿನದು ಮತ್ತೊಂದು ತಂದೆ. ಮನೆಗೆ ಬಂದು ನೋಡಿದರೆ ಬಣ್ಣ ಒಂದು ಸ್ವಲ್ಪ ಬೇರೆ. ಲೇಬಲ್‌ನಲ್ಲಿ ಬಣ್ಣದ ನಂಬರ್ ಬೇರೆ, ಲಾಟ್ ನಂಬರ್ ಬೇರೆ ಇರುತ್ತದೆ, ಒಂದೇ ಲಾಟ್ ಆಗಿದ್ದರೆ ಮಾತ್ರ ಒಂದೇ ಪಾತ್ರೆಯಲ್ಲಿ ಬಣ್ಣ ಹಾಕಿದ್ದು ಅಂತ ಅರ್ಥ. ಬಿಸಿಲಿಗೆ ಹಿಡಿದರೆ ಮಧ್ಯದಲ್ಲಿ ಒಂದು ಗೆರೆ ಕಾಣುತ್ತದೆ. ಆಯಿಗೆ ಹೇಳಬೇಡ, ಅವಳ ಕಣ್ಣಿಗೆ ಕಾಣುವುದಿಲ್ಲ ಅಂತ ಅಲ್ಲ, ಕಂಡರೆ ತಾನೇ ಹೇಳುತ್ತಾಳೆ.

ತಮ್ಮ ಸ್ವೆಟರ್ ಕೇಳಿದ್ದ. ಈ ಸಲ ಟೋಪಿ ಅಷ್ಟೇ. ಅವನ ಅಳತೆಯ ಸ್ವೆಟರಿಗೆ ಅರ್ಧ ಕಿಲೋ ದಾರ, ನನ್ನ ಕೈಯಲ್ಲಿ ಮೂರು ನಾಲ್ಕು ತಿಂಗಳ ಸಂಜೆಗಳು ಬೇಕು. ಮುಂದಿನ ಚಳಿಗಾಲಕ್ಕೆ ಖಂಡಿತ. ನನ್ನ ಜೊತೆ ಓದಿದವಳಿಗೆ, ಈಗ ಸಪ್ತಾಪುರದಲ್ಲಿ ಟೀಚರ್ ಆಗಿದ್ದಾಳಲ್ಲ, ಬೆರಳು ತೆರೆದ ಕೈಗವಸು ಇದೆ. ಚಳಿಯಲ್ಲಿ ಬೋರ್ಡಿನ ಮೇಲೆ ಬರೆಯಲು ಬೆರಳು ಹೊರಗಿರಬೇಕು. ನೀನೇ ಹೋಗಿ ಕೊಟ್ಟು ಬಾ.

ತೊಳೆಯುವುದು ಸರಿಯಾಗಿ ಕೇಳು. ಶಾಲು, ತಮ್ಮನ ಟೋಪಿ ಮಷಿನ್‌ಗೆ ಹಾಕಬಹುದು, ಆದರೆ ಇಸ್ತ್ರಿ ಬೇಡವೇ ಬೇಡ, ಅಕ್ರಿಲಿಕ್ ಬಿಸಿಗೆ ಸೋತು ಜೋಲು ಬೀಳುತ್ತದೆ. ಕುಲಾವಿ, ಕಾಲುಚೀಲ, ನಿನ್ನ ಮಫ್ಲರ್ ಉಣ್ಣೆಯವು. ತಣ್ಣೀರು, ಸ್ವಲ್ಪ ಶಾಂಪೂ, ತಿಕ್ಕಬಾರದು, ಹಿಂಡಬಾರದು. ಉಣ್ಣೆಯ ಎಳೆಗೆ ಮೀನಿನ ಮೈಯ ಹಾಗೆ ಸಣ್ಣ ಸಣ್ಣ ಹುರುಪೆ ಇರುತ್ತದೆ, ಬಿಸಿ ನೀರಿನಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಿಡುವುದೇ ಇಲ್ಲ. ಇವರ ಒಂದು ಟೋಪಿ ನನ್ನ ಕೈಯಲ್ಲಿ ಹಾಗೇ ಹೋಯಿತು, ದೊಡ್ಡವರದ್ದು ಗೊಂಬೆಯ ಅಳತೆಗೆ ಬಂತು. ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಹರಡು. ತಂತಿಗೆ ನೇತು ಹಾಕಿದರೆ ಉದ್ದಕ್ಕೆ ಎಳೆಯುತ್ತದೆ.

ಇಲ್ಲಿ ಒಬ್ಬಳೇ ಹೆಣೆಯುತ್ತೇನೆ ಅಂದುಕೊಳ್ಳಬೇಡ. ಭಾನುವಾರ ಮಧ್ಯಾಹ್ನ ನಾವು ನಾಲ್ಕು ಜನ ಕನ್ನಡದವರು ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ, ಒಬ್ಬರು ವಿಜಯಪುರದವರು, ಒಬ್ಬರು ಮಂಗಳೂರು, ಒಬ್ಬರು ಮೈಸೂರು. ಒಬ್ಬರು ಸ್ವೆಟರ್ ಹಾಕೋದು ಅಂತಾರೆ, ಒಬ್ಬರು ಹೆಣೆಯೋದು, ಕಡ್ಡಿ ಮಾತ್ರ ಎಲ್ಲರಿಗೂ ಕಡ್ಡಿಯೇ. ನಾಲ್ಕು ತರದ ಕನ್ನಡ ಕಿವಿಗೆ ಬಿದ್ದರೆ ವಾರ ಪೂರ್ತಿ ಮನೆ ನೆನಪಾಗುವುದು ಸ್ವಲ್ಪ ತಡೆಯುತ್ತದೆ. ಅವರಿಗೆಲ್ಲಾ ನಿನ್ನ ಕೆಂಪು ಸ್ವೆಟರ್ ಬಿಚ್ಚುವ ಮುಂಚೆ ತೋರಿಸಿದೆ. ಮೈಸೂರಿನವರು ಒಳಗಡೆ ತಿರುಗಿಸಿ ನೋಡಿ, ಒಂದು ಗಂಟೂ ಕಾಣುವುದಿಲ್ಲವಲ್ಲ, ಯಾರು ಹಾಕಿದ್ದು ಅಂದರು. ನಮ್ಮ ಅವ್ವ ಅಂದೆ.

ಕುಲಾವಿಗೆ 30 ಗ್ರಾಂ ದಾರ ಸಾಕಾಯಿತು. ಉಳಿದದ್ದನ್ನು ಉಂಡೆ ಮಾಡಿ ಚೀಲದ ತಳದಲ್ಲಿ ಇಟ್ಟಿದ್ದೇನೆ. ಕೂಸಿಗೆ ಕಾಲುಚೀಲ ನಾನು ಹೆಣೆದಿಲ್ಲ. ಅದನ್ನು ನೀನು ಹೆಣೆಯಬೇಕು. ಕಣ್ಣು ಕಾಣುವುದಿಲ್ಲ ಅನ್ನಬೇಡ, ನೀನು ಟಿ.ವಿ. ನೋಡುತ್ತಾ ಕಡ್ಡಿ ನೋಡದೇ ಹೆಣೆಯುತ್ತಿದ್ದದ್ದು ನಾನು ಕಂಡಿದ್ದೇನೆ. ನಿನ್ನ ಹತ್ತು ನಂಬರಿನ ಅಲ್ಯೂಮಿನಿಯಂ ಕಡ್ಡಿ ಹೊಲಿಗೆ ಮಷಿನ್‌ನ ಡ್ರಾಯರಿನಲ್ಲಿರಬೇಕು, ಸಿಗದಿದ್ದರೆ ಹೇಳು, ಇಲ್ಲಿ ಈಗ ಅದನ್ನು ಮೂರು ಕಾಲು ಮಿಲಿಮೀಟರ್ ಅಂತ ಕೇಳಿದರೆ ಕೊಡುತ್ತಾರೆ.

ಮತ್ತೆ ಆ ಮಫ್ಲರ್. ಇವರು ಶನಿವಾರ ರಾತ್ರಿ ಮನೆಗೆ ಬಂದಾಗ ನಿನ್ನ ಕುತ್ತಿಗೆಯಲ್ಲಿ ಇರಲಿ, ಫೋಟೋ ಕಳಿಸಲು ಹೇಳಿದ್ದೇನೆ.

ನಿನ್ನ ಸಣ್ಣಾಕಿ