ಒಡೆದದ್ದು ಟ್ಯಾಂಕಲ್ಲ, ಕೆರೆ ಏರಿ

ಸಂಪಾದಕರೇ,

ಮಳೆಗಾಲ ಬಂತೆಂದರೆ ‘ಟ್ಯಾಂಕ್ ಒಡೆದು ಗದ್ದೆಗೆ ನುಗ್ಗಿದ ನೀರು’ ಎಂಬ ಧಾಟಿಯ ಸುದ್ದಿ ಮಂಡ್ಯ, ಮೈಸೂರು ಪುಟಗಳಲ್ಲಿ ಬರುತ್ತದೆ. ಓದಿದವರ ಕಣ್ಣಿಗೆ ಕಟ್ಟುವುದು ಊರಾಚೆಯ ಓವರ್‌ಹೆಡ್ ಟ್ಯಾಂಕು. ನಿಜವಾಗಿ ಒಡೆದಿರುವುದು ಕೆರೆ ಏರಿ. ನೀರಾವರಿಯವರ ಇಂಗ್ಲಿಷ್ ಟಿಪ್ಪಣಿಯಲ್ಲಿ ‘ಟ್ಯಾಂಕ್’ ಅಂದರೆ ಕೆರೆ. ಬ್ರಿಟಿಷರ ಕಾಲದ ರೂಢಿ ಅದು. ಮೈಸೂರಿನ ಕುಕ್ಕರಹಳ್ಳಿ ಕೆರೆಯೂ ಇಂಗ್ಲಿಷಿನಲ್ಲಿ ಕುಕ್ಕರಹಳ್ಳಿ ಟ್ಯಾಂಕೇ.

ಅಷ್ಟಕ್ಕೂ ಆ ಪದದ ನಂಟು ನಮ್ಮ ಕಡೆಗೂ ಇದೆ. ಗುಜರಾತಿಯಲ್ಲಿ ಟಾಂಕು, ಮರಾಠಿಯಲ್ಲಿ ಟಾಕೆ ಎಂದರೆ ನೀರು ತುಂಬಿಡುವ ತೊಟ್ಟಿ. ಸಹ್ಯಾದ್ರಿಯ ಕೋಟೆಗಳಲ್ಲಿ ಬಂಡೆ ಕೊರೆದು ಮಾಡಿದ ಟಾಕೆಗಳು ಈಗಲೂ ಇವೆ. ಅತ್ತ ಪೋರ್ಚುಗೀಸರಲ್ಲಿ ಕೊಳಕ್ಕೆ ‘ಟಾಂಕೆ’ ಎನ್ನುತ್ತಾರೆ. ಅದರ ಬೇರನ್ನು ನಿಂತ ನೀರು ಎಂಬರ್ಥದ ಲ್ಯಾಟಿನ್ ಪದದಲ್ಲಿ ಹುಡುಕುತ್ತಾರೆ. ನಿಘಂಟುಕಾರರ ಜಗಳ ಮುಗಿದಿಲ್ಲ. ಪಶ್ಚಿಮ ಕರಾವಳಿಯ ವ್ಯಾಪಾರದಲ್ಲಿ ಎರಡೂ ಬೆರೆತು ಇಂಗ್ಲಿಷಿಗೆ ಹೋದವು ಎಂಬ ಮಾತೇ ಒಪ್ಪುವಂತಿದೆ. ಯುದ್ಧದ ಟ್ಯಾಂಕಿಗೂ ಹೆಸರು ಬಂದದ್ದು ನೀರಿನಿಂದಲೇ. 1915ರಲ್ಲಿ ಇಂಗ್ಲೆಂಡಿನ ಲಿಂಕನ್ನಿನಲ್ಲಿ ಆ ಉಕ್ಕಿನ ಗಾಡಿ ತಯಾರಾಗುವಾಗ ಗುಟ್ಟು ಹೊರಬೀಳದಿರಲೆಂದು ನೀರಿನ ತೊಟ್ಟಿಯ ನೆಪ ಹೂಡಿದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ಕದನಕ್ಕೆ ಅದು ಇಳಿದ ಮೇಲೂ ಹುಸಿ ಹೆಸರೇ ಗಟ್ಟಿಯಾಯಿತು.

ಅನುವಾದಿಸುವವರು ಮೊದಲು ಅಳತೆ ನೋಡಬೇಕು. ಎಂಸಿಎಫ್‌ಟಿ, ಅಂದರೆ ದಶಲಕ್ಷ ಘನ ಅಡಿ ಎಂದಿದ್ದರೆ ಅದು ಕೆರೆ. ಲೀಟರ್ ಎಂದಿದ್ದರೆ ಸಾಮಾನ್ಯವಾಗಿ ತೊಟ್ಟಿ. ಒಂದು ಎಂಸಿಎಫ್‌ಟಿ ಎಂದರೆ ಸುಮಾರು 2.83 ಕೋಟಿ ಲೀಟರ್, ಕಂಬದ ಮೇಲೆ ನಿಲ್ಲಿಸುವ ಮಾತಲ್ಲ. ಅಳತೆ ಕೊಟ್ಟಿಲ್ಲವೇ, ಅಕ್ಕಪಕ್ಕದ ಪದ ನೋಡಿ: ಬಂಡ್ ಎಂದರೆ ಏರಿ, ಸ್ಲೂಯಿಸ್ ಎಂದರೆ ತೂಬು, ಆಯಕಟ್ ಎಂದರೆ ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಜಮೀನು. ಹೆಚ್ಚು ಎಡವುವುದು ‘ವೇಸ್ಟ್ ವಿಯರ್’ ಹತ್ತಿರ. ಅದು ಕೋಡಿ, ಅಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ದಾರಿ. ‘ವೇಸ್ಟ್’ ಕಂಡು ‘ತ್ಯಾಜ್ಯ ನೀರು ಹರಿಯಿತು’ ಎಂದು ಬರೆದರೆ, ಕೆರೆ ಕೋಡಿ ಬಿದ್ದು ಊರವರು ಬಾಗಿನ ಬಿಟ್ಟ ಸುದ್ದಿ ಚರಂಡಿ ಸುದ್ದಿಯಾಗುತ್ತದೆ. ದೇವಸ್ಥಾನದ ಟ್ಯಾಂಕ್ ಮೇಲುಕೋಟೆಯಲ್ಲಿ ಕಲ್ಯಾಣಿ, ಬೀದಿಯಲ್ಲಿ ನಲ್ಲಿ ಹಾಕಿಸಿದ್ದು ತೊಂಬೆ, ನೆಲದಡಿಯದು ಸಂಪು. ಸೆಪ್ಟಿಕ್ ಟ್ಯಾಂಕ್ ಮಾತ್ರ ಹಾಗೇ ಇರಲಿ, ಅದನ್ನು ಹಳ್ಳಿಯಲ್ಲೂ ಹಾಗೇ ಕರೆಯುತ್ತಾರೆ.

– ಓದುಗರು, ಪಾಂಡವಪುರ